ಗಾಲಿಕುರ್ಚಿಯಲ್ಲಿರುವವರು ಯಾರ ಹೆಗಲನ್ನೂ ಏರದೆ ಕಡಲ ನೀರಿನವರೆಗೆ ಹೋಗುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ವಿಕಲಚೇತನರ ಸಂಘವೊಂದರಲ್ಲಿ ಸ್ವಯಂಸೇವಕನಾಗಿದ್ದು, ವರ್ಷದ ಪ್ರವಾಸಗಳ ಹೊಣೆ ನನ್ನ ಮೇಲಿದೆ. ನಮ್ಮ ಸದಸ್ಯರಲ್ಲಿ ಹಲವರು ಗಾಲಿಕುರ್ಚಿ ಬಳಸುತ್ತಾರೆ. ಕೆಲವರು ತಮ್ಮ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಓಡಾಡುವವರು, ಕೆಲವರು ಬ್ಯಾಟರಿ ಕುರ್ಚಿಯವರು, ಇನ್ನು ಕೆಲವರಿಗೆ ತಳ್ಳಲು ಒಬ್ಬರು ಬೇಕೇ ಬೇಕು. ಎಲ್ಲಿಗೆ ಹೋಗೋಣವೆಂದು ಕೇಳಿದಾಗಲೆಲ್ಲ ಮೊದಲು ಬರುವ ಉತ್ತರ ಕಡಲತೀರ. ಆದರೆ ಕಡಲತೀರದ ಪ್ರವಾಸವೆಂದು ನಮ್ಮಲ್ಲಿ ಈವರೆಗೆ ನಡೆದಿರುವುದು ಇಷ್ಟೇ: ವಾಹನ ನಿಲ್ಲಿಸುವ ಜಾಗದ ಅಂಚಿನಲ್ಲಿ ಸಾಲಾಗಿ ಕುಳಿತು ದೂರದಿಂದ ಅಲೆಗಳನ್ನು ನೋಡುವುದು, ಇಲ್ಲವೇ ನಾಲ್ವರು ತರುಣರು ಕುರ್ಚಿಯ ಸಮೇತ ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗಿ ನೀರಿನ ಹತ್ತಿರ ಇಳಿಸುವುದು. ಎತ್ತುವವರಿಗೆ ಸಂತೋಷವೇ ಆಗುತ್ತದೆ. ಎತ್ತಿಸಿಕೊಂಡವರು ಮಾತ್ರ ಮುಂದಿನ ಪ್ರವಾಸಕ್ಕೆ ಹೆಸರು ಕೊಡುವುದಿಲ್ಲ.

ಕಳೆದ ಬಾರಿ ಹೋದ ತೀರದಲ್ಲಿ ಮರಳಿನ ಮೇಲೆ ಓಡುವ ದಪ್ಪ ಗಾಲಿಯ ಕುರ್ಚಿ ಇದೆಯೆಂದು ಮೊದಲೇ ವಿಚಾರಿಸಿ ಖಚಿತಪಡಿಸಿಕೊಂಡಿದ್ದೆವು. ಹೋಗಿ ನೋಡಿದರೆ ಕುರ್ಚಿಯೇನೋ ಇತ್ತು, ಬೀಗ ಹಾಕಿದ ಕೊಠಡಿಯೊಳಗೆ. ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಕಿಟಕಿಯ ಸರಳುಗಳ ಆಚೆ ಅದರ ಹಳದಿ ಗಾಲಿಗಳು ಎಲ್ಲರಿಗೂ ಕಾಣಿಸುತ್ತಿದ್ದವು.

ಯಾರನ್ನೂ ಎತ್ತದೆ, ಅವರವರ ಇಚ್ಛೆಯಂತೆ ನೀರಿನ ಅಂಚಿನವರೆಗೆ, ಬೇಕೆನಿಸಿದವರು ನೀರಿನೊಳಕ್ಕೂ ಹೋಗಿ ಬರುವಂತೆ ಪ್ರವಾಸವನ್ನು ಯೋಜಿಸಲು ಯಾವುದರಿಂದ ಆರಂಭಿಸಬೇಕು? ನಮ್ಮ ಸಂಘದ ಕೈಯಲ್ಲಿ ಹೆಚ್ಚಿನ ಹಣವಿಲ್ಲ, ಆದರೆ ಕೆಲಸ ಮಾಡುವ ಜನರಿದ್ದಾರೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ: ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿ ಬಳಸುವ ಮಹಿಳೆಯಿಂದ

ನೀವು ಮರಳಿನ ಬಗ್ಗೆ ಕೇಳಿದ್ದೀರಿ. ನಾನು ಶೌಚಾಲಯದಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮಂಥವರ ಪ್ರವಾಸ ನಿಜವಾಗಿ ಕೆಡುವುದು ಅಲ್ಲಿ. ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುವುದೋ ಇಲ್ಲವೋ ಎಂಬುದು ಗೊತ್ತಿಲ್ಲದಿದ್ದರೆ ನಮ್ಮಲ್ಲಿ ಹೆಚ್ಚಿನವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ, ಸುಮ್ಮನೆ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಮೇಲೆ ಬಿಸಿಲು, ಒಳಗೆ ನೀರಿಲ್ಲದ ಮೈ; ಮೂತ್ರದ ಸೋಂಕಿಗೆ ಮೊದಲೇ ಈಡಾಗುವ ದೇಹಕ್ಕೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಆದ್ದರಿಂದ ತೀರವನ್ನು ಆರಿಸುವಾಗ ಮೊದಲು ಅಳೆಯಬೇಕಾದದ್ದು ಶೌಚಾಲಯದ ಬಾಗಿಲಿನ ಅಗಲ, ಒಳಗೆ ಕುರ್ಚಿ ತಿರುಗುವ ಸ್ಥಳ (ಸುಮಾರು 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು), ಹಿಡಿಕಂಬಿ ಮತ್ತು ಬಾಗಿಲಲ್ಲಿ ಮೆಟ್ಟಿಲು ಇದೆಯೇ ಎಂಬುದು. ಮಲಗಿಸಿ ಬಟ್ಟೆ ಬದಲಿಸಬೇಕಾದ ಹಿರಿಯರು ನಿಮ್ಮ ಗುಂಪಿನಲ್ಲಿದ್ದರೆ, ಒಂದು ಅಗಲವಾದ ಬೆಂಚು ಮತ್ತು ಮರೆ ಇರಬೇಕು. ಶೌಚಾಲಯದ ನೆಲದ ಮೇಲೆ ಮಲಗಿಸಿ ಬದಲಿಸುವುದನ್ನು ನಾನು ನೋಡಿದ್ದೇನೆ. ಅದನ್ನು ಯಾರೂ ವ್ಯವಸ್ಥೆಯೆಂದು ಕರೆಯಬಾರದು.

ಎತ್ತುವುದರ ಬಗ್ಗೆ ನೀವು ಬರೆದ ಮಾತು ನನಗೆ ಹಿಡಿಸಿತು. ಅದರಲ್ಲಿ ಮಾನದ ಪ್ರಶ್ನೆ ಇರುವಂತೆಯೇ ಮೈಯ ಪ್ರಶ್ನೆಯೂ ಇದೆ. ಪಾರ್ಶ್ವವಾಯು ಆದವರ ದುರ್ಬಲ ತೋಳನ್ನು ಕಂಕುಳಲ್ಲಿ ಕೈ ಕೊಟ್ಟು ಎತ್ತಿದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ. ಸ್ಪರ್ಶಜ್ಞಾನವಿಲ್ಲದ ಚರ್ಮ ಕುರ್ಚಿಯ ಅಂಚಿಗೆ ತರಚಿಕೊಂಡರೆ ಸಂಜೆ ಬಟ್ಟೆ ಬದಲಿಸುವವರೆಗೆ ಗೊತ್ತೇ ಆಗುವುದಿಲ್ಲ, ಮತ್ತು ಆ ಚಿಕ್ಕ ಗಾಯ ಒತ್ತಡದ ಹುಣ್ಣಾಗಿ ತಿಂಗಳುಗಟ್ಟಲೆ ಮಲಗಿಸಬಹುದು. ಸುಡುವ ಮರಳಿನ ಮೇಲೆ ಬರಿಗಾಲನ್ನು ಇಡಿಸಿದರೂ ಹೀಗೆಯೇ. ಕಾಲಿನ ಒಡತಿಗೆ ಉರಿ ತಿಳಿಯುವುದಿಲ್ಲ, ಬೊಬ್ಬೆ ಮಾತ್ರ ಏಳುತ್ತದೆ. ಕಾಲುಚೀಲ ಅಥವಾ ನೀರಿನಲ್ಲೂ ಹಾಕಬಹುದಾದ ಮೆದು ಪಾದರಕ್ಷೆ ಕಡ್ಡಾಯವೆಂದುಕೊಳ್ಳಿ.

ಬಿಸಿಲಿನ ಬಗ್ಗೆ ಇನ್ನೊಂದು ಮಾತು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಆ ಮಟ್ಟದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇರುವವರಿಗೆ ಸೆಕೆಯಲ್ಲಿ ದೌರ್ಬಲ್ಯ, ಮಸುಕು ನೋಟ ಹೆಚ್ಚಾಗುತ್ತದೆ. ನೆರಳು ಇವರಿಗೆ ಔಷಧದಷ್ಟೇ ಮುಖ್ಯ. ನೀರು ಚಿಮುಕಿಸುವ ಬಾಟಲಿ, ಒದ್ದೆ ಬಟ್ಟೆ ಕೈಗೆಟುಕುವಂತಿರಲಿ. ಎದೆಮಟ್ಟದ ಆರನೆಯ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತುಸ್ಥಿತಿ ಉಂಟಾಗಬಹುದು ಎಂಬುದು ನಿಮ್ಮ ಪ್ರತಿಯೊಬ್ಬ ಸ್ವಯಂಸೇವಕರಿಗೂ ಗೊತ್ತಿರಬೇಕು. ತುಂಬಿದ ಮೂತ್ರಕೋಶ, ಮೂತ್ರ ಹೊರಹರಿಸಲು ಹಾಕಿದ ಕ್ಯಾಥೆಟರ್ ಕೊಳವೆ ಮಡಚಿಕೊಳ್ಳುವುದು, ಬಿಗಿಯಾದ ಬೆಲ್ಟು, ಚರ್ಮಕ್ಕೆ ಒತ್ತುವ ಒಂದು ಚಿಪ್ಪು ಇಷ್ಟರಿಂದಲೇ ರಕ್ತದೊತ್ತಡ ಏಕಾಏಕಿ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಗಾಯದ ಮಟ್ಟಕ್ಕಿಂತ ಮೇಲೆ ಬೆವರುವುದು ಇದರ ಗುರುತು. ಅಂಥವರನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಯಾದದ್ದನ್ನೆಲ್ಲ ಸಡಿಲಿಸಿ, ಕೊಳವೆಯನ್ನು ನೋಡಿ, ಕಾರಣ ಸಿಗದಿದ್ದರೆ ಅಥವಾ ನೋವು ತಗ್ಗದಿದ್ದರೆ ಕೂಡಲೇ ವೈದ್ಯಕೀಯ ನೆರವು ಪಡೆಯಬೇಕು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಇದು ಗೊತ್ತಿರುವವರೊಬ್ಬರು ಪಕ್ಕದಲ್ಲಿದ್ದರೆ ನಾವು ಇಡೀ ದಿನ ನಿಶ್ಚಿಂತೆಯಿಂದ ಕಡಲಿನ ಬಳಿ ಇರಬಹುದು.

ಎರಡನೆಯ ಉತ್ತರ: ಸಾರ್ವಜನಿಕ ಸ್ಥಳಗಳ ವಿನ್ಯಾಸದಲ್ಲಿ ತೊಡಗಿರುವ ಸಿವಿಲ್ ಎಂಜಿನಿಯರ್‌ರಿಂದ

ಮೇಲಿನ ಉತ್ತರವನ್ನು ನನ್ನ ವೃತ್ತಿಯವರೆಲ್ಲ ಓದಬೇಕು. ನಾನು ನೆಲದ ಬಗ್ಗೆ ಹೇಳುತ್ತೇನೆ.

ಕುರ್ಚಿ ಮರಳಿನಲ್ಲಿ ಹೂತುಕೊಳ್ಳುವುದಕ್ಕೆ ಮುಖ್ಯ ಕಾರಣ ಅದರ ಮುಂದಿನ ಪುಟ್ಟ ಗಾಲಿಗಳು. ಅವು ಕಿರಿದಾಗಿದ್ದು ಗಟ್ಟಿಯಾಗಿರುವುದರಿಂದ ಕುಳಿತವರ ತೂಕದ ಒಂದು ಪಾಲು ಅಂಗೈಗಿಂತ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಹಿಂದಿನಿಂದ ತಳ್ಳಿದಷ್ಟೂ ಅವು ಮುಂದೆ ಉರುಳುವ ಬದಲು ಕೆಳಕ್ಕೆ ಅಗೆದುಕೊಂಡು ಹೋಗುತ್ತವೆ, ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತುರ್ತಿಗೆ ಸ್ವಲ್ಪ ದೂರ ದಾಟಲೇಬೇಕಾದರೆ ಕುಳಿತವರನ್ನು ಕೇಳಿಕೊಂಡು, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆಯುವುದು ಮೇಲು. ಆದರೆ ಅದು ದಿನದ ಯೋಜನೆಯಾಗಬಾರದು. ಕಡಲತೀರದ ಕುರ್ಚಿಗಳಿಗೆ ಕಡಿಮೆ ಗಾಳಿ ತುಂಬಿದ, ದುಂಡನೆಯ, ಅಗಲವಾದ ಬಲೂನ್ ಗಾಲಿಗಳಿರುವುದು ತೂಕವನ್ನು ಹರಡುವುದಕ್ಕಾಗಿಯೇ. ಅವುಗಳಿಗೆ ಹೆಚ್ಚು ಗಾಳಿ ತುಂಬಿ ಬಿರುಸು ಮಾಡಿದರೆ ಉದ್ದೇಶವೇ ಕೆಡುತ್ತದೆ.

ಒಣ ಮರಳು, ಹಸಿ ಮರಳು ಎರಡೂ ಒಂದೇ ಅಲ್ಲ. ಕಣಗಳ ನಡುವೆ ತೆಳುವಾಗಿ ನಿಂತ ನೀರು ಅವುಗಳನ್ನು ಒಂದಕ್ಕೊಂದು ಹಿಡಿದಿಡುವುದರಿಂದ, ಅಲೆ ಬಂದು ಹಿಂದೆ ಸರಿದ ಪಟ್ಟಿ ಗಟ್ಟಿಯಾಗಿರುತ್ತದೆ. ನೀರು ತೊಟ್ಟಿಕ್ಕುವಷ್ಟು ತುಂಬಿದ ಮರಳು ಮತ್ತೆ ಸಡಿಲವಾಗುತ್ತದೆ. ಆದ್ದರಿಂದ ಪ್ರವಾಸದ ಗಂಟೆಯನ್ನು ಉಬ್ಬರ ಇಳಿತದ ಪಟ್ಟಿ ನೋಡಿ ಗೊತ್ತುಮಾಡಿ. ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿದ್ದು, ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ನೀರು ಇಳಿಯುತ್ತಿರುವಾಗ, ಪೂರ್ಣ ಇಳಿತಕ್ಕೆ ಒಂದೆರಡು ಗಂಟೆ ಮೊದಲು ತಲುಪಿದರೆ ಗಟ್ಟಿ ಮರಳಿನ ಅಗಲವಾದ ಪಟ್ಟಿಯೂ ಸಿಗುತ್ತದೆ, ಹಿಂತಿರುಗಲು ಸಮಯವೂ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು ಎಂಬುದನ್ನು ಮರೆಯಬೇಡಿ. ಇಳಿತದಲ್ಲಿ ನೀರು ತುಂಬ ದೂರ ಸರಿದಿರುತ್ತದೆ, ಬರುವಾಗ ಬೇಗ ಬರುತ್ತದೆ.

ಗಟ್ಟಿ ನೆಲದಿಂದ ಹಸಿ ಮರಳಿನವರೆಗಿನ ಒಣ ಪಟ್ಟಿಯನ್ನು ದಾಟಿಸಲು ಸುರುಳಿ ಬಿಚ್ಚಿ ಹಾಸುವ ನೇಯ್ದ ಪಾಲಿಯೆಸ್ಟರ್ ಹಾಸುಗಳಿವೆ. ಅಮೆರಿಕದ ಆಕ್ಸೆಸ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಹೊರಾಂಗಣ ಮಾರ್ಗಸೂಚಿಯಲ್ಲಿ ಕಡಲತೀರದ ದಾರಿ ಕನಿಷ್ಠ 60 ಇಂಚು, ಅಂದರೆ ಸುಮಾರು ಒಂದೂವರೆ ಮೀಟರ್ ಅಗಲವಿರಬೇಕು ಮತ್ತು ಉಬ್ಬರದ ಮಟ್ಟದವರೆಗೆ ಹೋಗಬೇಕು ಎಂದಿದೆ. ಬೇರೆ ದೇಶದವರೂ ಅದನ್ನು ಅಳತೆಗೋಲಾಗಿ ಬಳಸಬಹುದು. ಇಳಿಜಾರು 1:12ಕ್ಕಿಂತ, ಅಂದರೆ ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರುವುದಕ್ಕಿಂತ, ಕಡಿದಾಗಿರಬಾರದು ಎಂಬ ವಾಡಿಕೆಯ ನಿಯಮವಿದೆ. ಹಾಸು ಕೊಂಡುಕೊಳ್ಳುವವರು ಮರೆಯುವ ಸಂಗತಿಯೊಂದಿದೆ: ಗಾಳಿಗೆ ಅದರ ಮೇಲೆ ಮರಳು ಬಂದು ಕೂರುತ್ತದೆ. ಬೆರಳಿನ ದಪ್ಪ ಮರಳು ಸಾಕು, ಮುಂಗಾಲಿ ಅಲ್ಲೇ ನಿಲ್ಲುತ್ತದೆ. ಹಾಸಿನ ಜೊತೆಗೆ ಒಂದು ಉದ್ದ ಪೊರಕೆಯನ್ನೂ ಅದನ್ನು ಹಿಡಿಯುವ ಒಬ್ಬ ವ್ಯಕ್ತಿಯನ್ನೂ ಗೊತ್ತುಮಾಡಿ. ಎರಡು ಹಾಸುಗಳು ಕೂಡುವ ಜಾಗದಲ್ಲಿ ಅಂಚು ಎದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಕಡಲಾಮೆಗಳು ಮೊಟ್ಟೆಯಿಡುವ ತೀರವಾದರೆ, ಆ ಋತುವಿನಲ್ಲಿ ಸಂಜೆಯ ಹೊತ್ತಿಗೆ ಹಾಸನ್ನು ಸುತ್ತಿ ತೆಗೆಯಬೇಕು. ಮರಳ ದಿಬ್ಬಗಳ ಮೇಲೆ ಬೆಳೆದ ಬಳ್ಳಿಗಳನ್ನು ತುಳಿದು ದಾರಿ ಮಾಡಬಾರದು. ಆ ಬೇರುಗಳು ದಿಬ್ಬವನ್ನು ಹಿಡಿದಿಟ್ಟಿರುತ್ತವೆ.

ಮೂರನೆಯ ಉತ್ತರ: ತಮ್ಮ ಕೈಯಿಂದಲೇ ಕುರ್ಚಿ ನಡೆಸುವ ಯುವಕನಿಂದ

ಎಂಜಿನಿಯರ್ ಅವರ ಮಾತಿಗೆ ಗೌರವದಿಂದಲೇ ಒಂದು ತಕರಾರು ಹೇಳಬೇಕು. ಹಾಸು ಹಾಕಿದ ತೀರಗಳಲ್ಲಿ ನನ್ನ ಅನುಭವವೆಂದರೆ, ನಾನು ಆ ಒಂದೂವರೆ ಮೀಟರ್ ಪಟ್ಟಿಯ ಕೈದಿಯಾಗುತ್ತೇನೆ. ಗೆಳೆಯರು ಪಕ್ಕದ ಮರಳಿನಲ್ಲಿ ಚಾಪೆ ಹಾಸಿಕೊಂಡು ಕುಳಿತಿರುತ್ತಾರೆ, ನಾನು ದಾರಿಯ ಮೇಲೆ. ಹಿಂದಿನಿಂದ ಇನ್ನೊಂದು ಕುರ್ಚಿ ಬಂದರೆ ಅದಕ್ಕೆ ದಾರಿ ಬಿಡಲು ನಾನು ವಾಪಸು ಹೋಗಬೇಕು. ದಾರಿಯ ಕೊನೆಯಲ್ಲಿ ಮತ್ತು ನಡುವೆ ಒಂದೆರಡು ಕಡೆ ಹಾಸನ್ನು ಪಕ್ಕಕ್ಕೂ ಚಾಚಿ, ಮೂರು ನಾಲ್ಕು ಕುರ್ಚಿಗಳು ಮತ್ತು ಅವರ ಜೊತೆಯವರು ಒಟ್ಟಿಗೆ ಕೂರುವಷ್ಟು ಅಂಗಳ ಮಾಡಿ. ನೆರಳಿನ ಚಪ್ಪರ ಆ ಅಂಗಳದ ಮೇಲಿರಲಿ, ದೂರದ ಗೋಡೆಯ ಬಳಿ ಅಲ್ಲ.

ಬಲೂನ್ ಗಾಲಿಯ ಕುರ್ಚಿಯ ಬಗ್ಗೆಯೂ ಹೇಳುವುದಿದೆ. ಅವುಗಳಲ್ಲಿ ಹೆಚ್ಚಿನವನ್ನು ಕುಳಿತವರು ತಾವೇ ನಡೆಸಲಾಗದು. ತಳ್ಳುವವರು ಎಲ್ಲಿ ನಿಲ್ಲಿಸಿದರೋ ಅಲ್ಲಿಯೇ ಇರಬೇಕು. ಮನೆಯಲ್ಲೂ ಬೀದಿಯಲ್ಲೂ ಯಾರನ್ನೂ ಕೇಳದೆ ಓಡಾಡುವ ನನಗೆ ಕಡಲ ಬಳಿ ಬಂದ ಕೂಡಲೇ ಪ್ರತಿ ಹೆಜ್ಜೆಗೂ ಅಪ್ಪಣೆ ಕೇಳಬೇಕಾಗುವುದು ನೋವಿನ ಸಂಗತಿ. ಕೈಯಿಂದ ನಡೆಸುವವರಿಗೆ ಬೇರೆ ದಾರಿಗಳೂ ಇವೆ. ಕಾಲೂರುವ ಪಟ್ಟಿಗೆ ಮುಂದಿನಿಂದ ಸಿಕ್ಕಿಸುವ ದೊಡ್ಡ ಒಂಟಿ ಗಾಲಿಯ ಜೋಡಣೆ ಮುಂಗಾಲಿಗಳನ್ನು ನೆಲದಿಂದ ಮೇಲೆತ್ತುತ್ತದೆ. ಅದರಿಂದ ಹಸಿ ಮರಳಿನ ಪಟ್ಟಿಯಲ್ಲಿ ನಾನು ಒಬ್ಬನೇ ಉದ್ದಕ್ಕೂ ಹೋಗಬಲ್ಲೆ. ಜಾಯ್‌ಸ್ಟಿಕ್ಕಿನಿಂದ ನಡೆಯುವ ಮರಳು ಕುರ್ಚಿಗಳೂ ಕೆಲವು ತೀರಗಳಲ್ಲಿವೆ. ಗ್ರೀಸ್ ದೇಶದ ಹಲವಾರು ತೀರಗಳಲ್ಲಿ ಸೀಟ್ರಾಕ್ ಎಂಬ ವ್ಯವಸ್ಥೆಯಿದೆ: ದಡದಿಂದ ನೀರಿನೊಳಕ್ಕೆ ಹಳಿ, ಅದರ ಮೇಲೊಂದು ಆಸನ, ಸೌರಶಕ್ತಿಯಿಂದ ಚಾಲನೆ. ಕುಳಿತವರು ರಿಮೋಟ್ ಒತ್ತಿ ತಾವೇ ನೀರಿಗಿಳಿದು ತಾವೇ ಮೇಲೆ ಬರುತ್ತಾರೆ. ನಿಮ್ಮ ಸಂಘಕ್ಕೆ ಹಳಿ ಹಾಕಿಸಲು ಆಗದು, ನಿಜ. ಆದರೆ ತೀರದ ಆಡಳಿತದವರಿಗೆ ಮನವಿ ಬರೆಯುವಾಗ ಇಂಥದ್ದು ಸಾಧ್ಯವಾಗಿದೆ ಎಂದು ತೋರಿಸಬಹುದು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯಲ್ಲಿ ಮನರಂಜನೆ ಮತ್ತು ಪ್ರವಾಸದ ಸ್ಥಳಗಳಿಗೆ ಪ್ರವೇಶವನ್ನು ಸ್ಪಷ್ಟವಾಗಿ ಹೆಸರಿಸಲಾಗಿದೆ. ಮನವಿಯಲ್ಲಿ ಅದನ್ನು ತಪ್ಪದೆ ಉಲ್ಲೇಖಿಸಿ, ದಯೆ ಕೇಳುವ ಧಾಟಿಯಲ್ಲಿ ಬರೆಯಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂಗಳದ ಸಲಹೆ ನಮ್ಮ ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಲಿದೆ. ಇನ್ನೊಂದು ಅಳುಕು ಉಳಿದಿದೆ. ನಮ್ಮಲ್ಲಿ ಇಬ್ಬರು ಮೂವರು ಅಲೆಯಲ್ಲಿ ನೆನೆಯಲೇಬೇಕೆಂದು ಹಟ ಹಿಡಿದಿದ್ದಾರೆ, ಅದು ನ್ಯಾಯವಾದ ಆಸೆ. ಆದರೆ ನೀರಿಗಿಳಿಸುವ ಧೈರ್ಯ ನಮ್ಮ ಸ್ವಯಂಸೇವಕರಿಗೆ ಇಲ್ಲ. ಇದರ ಬಗ್ಗೆ ತಿಳಿದವರು ಇದ್ದಾರೆಯೇ?

ನಾಲ್ಕನೆಯ ಉತ್ತರ: ಜೀವರಕ್ಷಕರಿಗೆ ತರಬೇತಿ ಕೊಡುವವರಿಂದ

ನಿಮ್ಮ ಸ್ವಯಂಸೇವಕರ ಅಳುಕು ಸರಿಯಾದದ್ದು, ಹಾಗೆಂದು ಆ ಸದಸ್ಯರನ್ನು ದಡದಲ್ಲೇ ಉಳಿಸುವ ಅಗತ್ಯವಿಲ್ಲ.

ನೀರಿಗಿಳಿಯುವ ಆಸೆಯಿರುವವರನ್ನು ಮೊದಲು ಈಜುಕೊಳದ ನಿಂತ ನೀರಿನಲ್ಲಿ, ಅದೇ ಲೈಫ್‌ಜಾಕೆಟ್ ಹಾಕಿ, ನೋಡಿಕೊಳ್ಳಿ. ಸ್ನಾಯುಗಳಲ್ಲಿ ಬಿಗಿತ ಅಥವಾ ಸಡಿಲತೆ ಇರುವ ಮೈ ನೀರಿನಲ್ಲಿ ತೇಲುವ ರೀತಿಯೇ ಬೇರೆ. ಶಕ್ತಿಯಿಲ್ಲದ ಕಾಲುಗಳು ಮೇಲಕ್ಕೆ ತೇಲಿಬಂದು ಮುಖ ನೀರಿನ ಕಡೆಗೆ ತಿರುಗಬಹುದು. ಯಾವ ಜಾಕೆಟ್ ಒಬ್ಬರ ಮುಖವನ್ನು ಮೇಲಕ್ಕೆ ಹಿಡಿದಿಡುತ್ತದೆಯೋ ಅದೇ ಇನ್ನೊಬ್ಬರನ್ನು ಮಗುಚಿಹಾಕಬಹುದು. ಇದು ಕಾಗದದ ಮೇಲೆ ಗೊತ್ತಾಗುವಂಥದ್ದಲ್ಲ, ಪ್ರತಿಯೊಬ್ಬರನ್ನೂ ನೀರಿನಲ್ಲೇ ಪರೀಕ್ಷಿಸಬೇಕು.

ಮರಳಿನ ಮೇಲೆ ಓಡುವ ಎಲ್ಲ ಕುರ್ಚಿಗಳೂ ನೀರಿಗಲ್ಲ. ದಪ್ಪ ಗಾಲಿಗಳಲ್ಲಿ ಗಾಳಿಯಿರುವುದರಿಂದ ಆಳ ಹೆಚ್ಚಾದಂತೆ ಕುರ್ಚಿ ನೆಲ ಬಿಟ್ಟು ಮೇಲೇಳುತ್ತದೆ, ಪಕ್ಕದಿಂದ ಒಂದು ಅಲೆ ಬಂದರೆ ಉರುಳುತ್ತದೆ. ಬೆಲ್ಟು ಕಟ್ಟಿದ್ದರೆ ಕುಳಿತವರು ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಫ್ರಾನ್ಸಿನ ತಿರಾಲೊದಂಥ ಕುರ್ಚಿಗಳನ್ನು ತೇಲುವುದಕ್ಕೆಂದೇ ರೂಪಿಸಲಾಗಿದೆ. ಅವುಗಳಲ್ಲೂ ತಯಾರಕರು ಹೇಳಿದ ಆಳ, ಬೆಲ್ಟಿನ ನಿಯಮ, ಎಷ್ಟು ಜನ ಹಿಡಿದಿರಬೇಕು ಎಂಬುದನ್ನು ಅಕ್ಷರಶಃ ಪಾಲಿಸಬೇಕು. ಅಂಥ ಕುರ್ಚಿ ಇಲ್ಲದಿದ್ದರೆ, ಸಾಮಾನ್ಯ ಮರಳು ಕುರ್ಚಿಯಲ್ಲಿ ನೊರೆ ಬಂದು ಕಾಲನ್ನು ಮುಟ್ಟುವಲ್ಲಿ ನಿಲ್ಲಿಸಿ. ಅಲ್ಲಿಯೇ ಪಕ್ಕದಲ್ಲಿ ಕುಳಿತು ಕೈಯಿಂದ ನೀರು ಹಾಕಿಸಿಕೊಂಡು ನಕ್ಕವರನ್ನು ನಾನು ಬಹಳ ಕಂಡಿದ್ದೇನೆ.

ನಿಯೋಜಿತ ಜೀವರಕ್ಷಕರಿರುವ ತೀರವನ್ನೇ ಆರಿಸಿ. ಅವರೊಡನೆ ಮೊದಲೇ ಮಾತನಾಡಿ, ಯಾರು ನೀರಿಗಿಳಿಯುತ್ತಾರೆ, ಅವರು ಸಹಾಯಕ್ಕೆ ಹೇಗೆ ಸನ್ನೆ ಮಾಡುತ್ತಾರೆ ಎಂಬುದನ್ನು ತಿಳಿಸಿ. ಮಾತು ಸ್ಪಷ್ಟವಿಲ್ಲದವರೊಂದಿಗೆ ‘ಸಾಕು’ ಎಂಬುದಕ್ಕೆ ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಆ ಸನ್ನೆ ಕಂಡ ಕೂಡಲೇ ಚರ್ಚೆಯಿಲ್ಲದೆ ಹೊರಗೆ ಬರಬೇಕು. ಅಲೆಗಳ ನಡುವೆ ಶಾಂತವಾಗಿ ಕಾಣುವ ಓಣಿಯಂಥ ಜಾಗವನ್ನು ಸುರಕ್ಷಿತವೆಂದು ತಿಳಿದು ಅತ್ತ ಹೋಗುವವರು ಅನೇಕರು; ಹಲವು ಬಾರಿ ನೀರು ದಡದಿಂದ ಒಳಕ್ಕೆ ಸೆಳೆಯುವುದು ಅಲ್ಲಿಯೇ. ಮೇಲೆ ಬಂದ ಮೇಲೆ ಸ್ಪರ್ಶವಿಲ್ಲದ ಕಾಲುಗಳನ್ನು ತಿರುಗಿಸಿ ನೋಡಿ, ಚಿಪ್ಪಿನ ಗೀರಾಗಲಿ ಲೋಳೆಮೀನಿನ ಕುಟುಕಾಗಲಿ ಇದ್ದರೆ ಅವರಿಗೆ ಗೊತ್ತಾಗಿರುವುದಿಲ್ಲ.

ಐದನೆಯ ಉತ್ತರ: ಗಾಲಿಕುರ್ಚಿ ದುರಸ್ತಿ ಮಾಡುವವರಿಂದ

ಒಂದೇ ವಿನಂತಿ: ಬ್ಯಾಟರಿ ಕುರ್ಚಿಯನ್ನು ಮರಳಿಗೂ ಉಪ್ಪುನೀರಿಗೂ ಇಳಿಸಬೇಡಿ. ಅದು ಭಾರವಾದದ್ದು, ಮೋಟಾರು ಮತ್ತು ತಂತಿಗಳು ನೆಲಕ್ಕೆ ಹತ್ತಿರ ಇರುತ್ತವೆ. ಗಟ್ಟಿ ನೆಲದ ಮೇಲೆ, ನೆರಳಿನಲ್ಲಿ, ಒಬ್ಬರ ಕಾವಲಿನಲ್ಲಿ ನಿಲ್ಲಿಸಿ ಅಲ್ಲಿಂದ ಮರಳು ಕುರ್ಚಿಗೆ ಬದಲಾಯಿಸಿಕೊಳ್ಳಲಿ. ಕೈಕುರ್ಚಿ ಮರಳಿಗೆ ಹೋಗಿದ್ದರೆ ಅದೇ ದಿನ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಮುಂಗಾಲಿಯ ಕವಲಿನಲ್ಲಿ ಸಿಕ್ಕ ಮರಳನ್ನು ಬ್ರಷ್ಷಿನಿಂದ ತೆಗೆದು, ಒಣಗಿಸಿ. ಜೋರಾಗಿ ನೀರು ಹಾಯಿಸಿದರೆ ಮರಳು ಬೇರಿಂಗಿನ ಒಳಕ್ಕೆ ಹೋಗುತ್ತದೆ. ಮುಂಗಾಲಿ ತಿರುಗುವಾಗ ಕರಕರ ಸದ್ದು ಬಂದರೆ ಬೇರಿಂಗ್ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.

ಮೊದಲು ಉತ್ತರಿಸಿದ ಮಹಿಳೆಯಿಂದ

ಬದಲಾಯಿಸಿಕೊಳ್ಳುವ ಮಾತು ಬಂದದ್ದರಿಂದ ಹೇಳುತ್ತೇನೆ: ಮರಳು ಕುರ್ಚಿಗಳ ಆಸನ ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಹಿಂದಕ್ಕೆ ವಾಲಿರುತ್ತದೆ. ಅದಕ್ಕೆ ಇಳಿಯುವುದು ಸುಲಭ, ದಣಿದು ಒದ್ದೆಯಾದ ಮೈಯಿಂದ ನಮ್ಮ ಕುರ್ಚಿಗೆ ಮರಳಿ ಏರುವುದು ಕಷ್ಟ. ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಸರಿಯಲು ನಡುವೆ ಇಡುವ ಜಾರುಹಲಗೆ ಒದ್ದೆ ಚರ್ಮಕ್ಕೆ ಅಂಟಿಕೊಂಡು ಉಜ್ಜುತ್ತದೆ, ಮೇಲೊಂದು ಒಣ ಟವೆಲು ಹಾಸಬೇಕು. ಸಾಧ್ಯವಾದರೆ ಜೋಲಿಯಿರುವ, ಮಡಚಬಹುದಾದ ಲಿಫ್ಟನ್ನು ಒಂದು ದಿನದ ಮಟ್ಟಿಗೆ ಎರವಲು ತನ್ನಿ. ಬದಲಾಯಿಸುವ ಜಾಗಕ್ಕೆ ಮರೆ ಇರಲಿ. ಯಾರೋ ಫೋಟೊ ತೆಗೆಯುತ್ತಿರುವಾಗ ಜೋಲಿಯಲ್ಲಿ ತೂಗುವುದು ಯಾರಿಗೂ ಬೇಡ.

ಬೀಗದ ಕೈಯ ವಿಷಯ ನನ್ನನ್ನು ಬಹಳ ಕಾಡಿತು. ಮುಂದಿನ ಪ್ರವಾಸಕ್ಕೆ ಒಂದು ವಾರ ಮೊದಲು ನಿಮ್ಮಲ್ಲಿ ಇಬ್ಬರು ಅಲ್ಲಿಗೆ ಹೋಗಿ ಬನ್ನಿ, ಅವರಲ್ಲಿ ಒಬ್ಬರಾದರೂ ಗಾಲಿಕುರ್ಚಿಯವರಾಗಿರಲಿ. ಅದೇ ಗಂಟೆಗೆ, ಅದೇ ವಾಹನದಿಂದ ಇಳಿದು, ಶೌಚಾಲಯದ ಬಾಗಿಲು ತೆರೆದು, ಮರಳು ಕುರ್ಚಿಯನ್ನು ಹೊರಗೆ ತರಿಸಿ ಕುಳಿತು, ಅದರ ಗಾಲಿಗಳಲ್ಲಿ ಗಾಳಿ ಸರಿಯಿದೆಯೇ ನೋಡಿ, ಬೀಗದ ಕೈ ಇರುವ ಎರಡನೆಯ ವ್ಯಕ್ತಿ ಯಾರೆಂದು ಬರೆದುಕೊಳ್ಳಿ. ಬರುವ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಮೂರು ಸಂಗತಿ ಕೇಳಿ: ಎಲ್ಲಿಯವರೆಗೆ ಹೋಗಬೇಕೆಂದಿದ್ದೀರಿ, ಯಾರು ಮುಟ್ಟಿದರೆ ನಿಮಗೆ ಸಮಾಧಾನ, ಯಾವುದನ್ನು ಮಾಡಲೇಬಾರದು. ನೀರಿನ ಬಳಿ ಹೋಗಲು ಮನಸ್ಸಿಲ್ಲದವರೂ ಇರುತ್ತಾರೆ, ಅವರನ್ನು ಒತ್ತಾಯಿಸಬೇಡಿ. ಅವರಿಗಾಗಿಯೂ ನೆರಳಿನ ಅಂಗಳದಲ್ಲಿ ಜಾಗ ಇಡಿ.

ಆ ಮೂರು ಪ್ರಶ್ನೆಗಳ ನಮೂನೆಯನ್ನು ನಾನು ಬರೆದು ಇಲ್ಲಿಯೇ ಹಾಕುತ್ತೇನೆ. ಅದರಲ್ಲಿ ಕ್ಯಾಥೆಟರ್, ಔಷಧ, ಗಾಯದ ಮಟ್ಟ, ತುರ್ತಿಗೆ ಕರೆಯಬೇಕಾದವರು ಇವುಗಳಿಗೆ ಬೇರೆ ಹಾಳೆ ಇರುತ್ತದೆ. ಆ ಹಾಳೆ ಅವರ ಜೊತೆಗಿರುವ ಒಬ್ಬ ಸ್ವಯಂಸೇವಕರ ಕೈಯಲ್ಲಿ ಮಾತ್ರ ಇರಲಿ, ಎಲ್ಲರಿಗೂ ಹಂಚುವ ಪಟ್ಟಿಯಲ್ಲಿ ಸೇರಿಸಬೇಡಿ.